60 ಥೌ ಗ್ಯಾಪು ಮತ್ತು ನಮ್ಮ ಮನೆ ಗುಂಪು

ಭಾನುವಾರ ಬೆಳಗ್ಗೆ ನಡೆದದ್ದು. ನನ್ನ ಫೋನಲ್ಲಿ ಯಾರನ್ನು ಹೇಗೆ ಸೇವ್ ಮಾಡಿದ್ದೇನೋ ಹಾಗೇ ಹಾಕಿದ್ದೇನೆ. ಶುಭೋದಯದ ಹೂವುಗಳನ್ನು ಮಾತ್ರ ಕಿತ್ತಿದ್ದೇನೆ. ಗ್ಯಾಪ್ ಅಂದರೆ ಸ್ಪಾರ್ಕ್ ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಸಂದು; ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ.

ದೊಡ್ಡಪ್ಪ: [ಹಲವು ಬಾರಿ ಫಾರ್ವರ್ಡ್ ಆಗಿದೆ] ಹಳೇ ಪಿಕಪ್ ಇರುವವರೇ ಗಮನಿಸಿ!! ಇರಿಡಿಯಂ ಪ್ಲಗ್ ಹಾಕಿ, ಗ್ಯಾಪ್ 60 ಥೌ ಬಿಡಿ. ಮೈಲೇಜ್ ದುಪ್ಪಟ್ಟು!! ಮೆಕ್ಯಾನಿಕ್‌ಗಳು ಇದನ್ನು ಬಾಯಿ ಬಿಡುವುದಿಲ್ಲ 🙏

ದೊಡ್ಡಪ್ಪ: ಮೊದಲಿಂದ ನಾನು ಬಡ್ಕೊಂಡಿದ್ದು ಇದನ್ನೇ. ಕೇಳೋರು ಯಾರು.

ಕೊಪ್ಪದ ಚಿಕ್ಕಪ್ಪ: ನಂಗೆ ಹೇಳಿದ್ದಾ ಅಣ್ಣ?

ದೊಡ್ಡಪ್ಪ: ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ.

ಕೊಪ್ಪದ ಚಿಕ್ಕಪ್ಪ: ನಂದು ಡೀಸೆಲ್ ಪಿಕಪ್. ಅದಕ್ಕೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಇರೋದು ಹೀಟರ್ ಪ್ಲಗ್.

ಸೊರಬದ ಅತ್ತೆ: ಇಲ್ದಿದ್ರೆ ಒಂದು ಹಾಕಿಸ್ಕೊಳ್ಳೋ. ಎಲ್ಲದಕ್ಕೂ ಜಿಪುಣತನ.

ತಂಗಿ: ಇದರ ಮೂಲ ಎಲ್ಲಿ ದೊಡ್ಡಪ್ಪ? ಯಾವ ಗಾಡಿ, ಯಾವ ಇಂಜಿನ್?

ದೊಡ್ಡಪ್ಪ: ನದಿಮೂಲ, ಋಷಿಮೂಲ ಕೇಳಬಾರದಮ್ಮ.

ತಂಗಿ: ಪ್ಲಗ್ಗಿನ ಮೂಲ ಕೇಳಬಹುದು.

ಅಮೆರಿಕದ ಪುಟ್ಟಣ್ಣ: ನನ್ನ ಹತ್ರ ಇರೋದು 1972ರ ಶೆವರ್ಲೆ ಸಿ10, 350 ವಿ8 ಇಂಜಿನ್, ಪಾಯಿಂಟ್ ಇಗ್ನಿಷನ್ (ಕಾಂಟ್ಯಾಕ್ಟ್ ತೆರೆದು ಮುಚ್ಚಿ ಕಿಡಿ ಹೊಡೆಸೋ ಹಳೇ ಪದ್ಧತಿ). ಅದಕ್ಕೆ 35 ಥೌ. 1975ರ ಹೊತ್ತಿಗೆ ಶೆವರ್ಲೆ ಮಾಡೋ ಜಿಎಂ ಕಂಪನಿ ಎಚ್‌ಇಐ ಡಿಸ್ಟ್ರಿಬ್ಯೂಟರ್ (ಎಲೆಕ್ಟ್ರಾನಿಕ್ ಇಗ್ನಿಷನ್) ತಂತು, ಕಿಡಿಗೆ ಜೋರು ಬಂತು. ಆಗ ಕೆಲವು ಇಂಜಿನ್‌ಗೆ 60 ಅಂದಿದ್ದು ನಿಜ, ಆಮೇಲೆ ಅವರೇ 45ಕ್ಕೆ ಇಳಿಸಿದ್ರು. ಪಾಯಿಂಟ್ ಗಾಡಿಗೆ 60 ಬಿಟ್ರೆ ಲೋಡ್ ಹೊತ್ತು ಏರು ಹತ್ತುವಾಗ ಮಿಸ್ ಹೊಡೆಯುತ್ತೆ. ಕಾಯಿಲ್‌ಗೆ ಅಷ್ಟು ದೂರ ಕಿಡಿ ಹಾರಿಸೋ ತಾಕತ್ತಿಲ್ಲ. ಇರಿಡಿಯಂ ಬಾಳಿಕೆ ಬರುತ್ತೆ, ಅಷ್ಟೇ. ತುದಿ ಸೂಜಿ ಥರ, ಗೇಜ್ ತುರುಕಿ ಮೀಟಿದ್ರೆ ಮುರಿಯುತ್ತೆ.

(ಇದನ್ನು ಎಷ್ಟು ಜನ ಓದಿದ್ರು ಅನ್ನೋದಕ್ಕೆ ಮುಂದಿನದೇ ಸಾಕ್ಷಿ.)

ಸೊರಬದ ಅತ್ತೆ: ಪುಟ್ಟಾ ಅಲ್ಲಿ ಚಳಿ ಹೆಂಗಿದೆ? ಅಷ್ಟು ದುಡಿದು ಹಳೇ ಗಾಡಿ ಯಾಕೋ ಮಾರಾಯ.

ಅತ್ತೆ ಮಗ: ಅಯ್ಯೋ ನಮ್ಮ ವಿಲ್ಲೀಸ್ ಜೀಪ್ ನೆನಪಾಯ್ತು 😢 ಹಿಂದೆ ಅಡಿಕೆ ಮೂಟೆ, ಮೂಟೆ ಮೇಲೆ ನಾವು. ಅಜ್ಜ ಪ್ಲಗ್ ಬಿಚ್ಚಿ ಉಪ್ಪುಕಾಗದ ತಿಕ್ಕಿ, ಹ್ಯಾಕ್ಸಾ ಬ್ಲೇಡ್ ಸಿಕ್ಕಿಸಿ ಗ್ಯಾಪ್ ನೋಡ್ತಿದ್ರು. ಪ್ಲಗ್ ಮೂತಿ ಕಾಫಿಪುಡಿ ಬಣ್ಣ ಇದ್ರೆ ಖುಷಿ, ಕಪ್ಪು ಮಸಿ ಇದ್ರೆ ಕಾರ್ಬ್ಯುರೇಟರ್‌ಗೆ ಬೈಗುಳ.

ನಾನು: ಹ್ಯಾಕ್ಸಾ ಬ್ಲೇಡ್ ಅಂದ್ರೆ ಸುಮಾರು 25 ಥೌ. ಜೀಪಿಗೆ ಬೇಕಾಗಿದ್ದು 30. ಅಜ್ಜ ಪರವಾಗಿಲ್ಲ.

ದೊಡ್ಡಪ್ಪ: ಹಿರಿಯರ ತಪ್ಪು ಅಳೆಯೋದು ಒಂದು ಕಲ್ತಿದ್ದೀರಿ. ಅಜ್ಜನ ಹತ್ರ ಫಿಲ್ಲರ್ ಗೇಜೂ ಇತ್ತು. ಜೀಪ್ ಮಾರಿದ ದಿನ ಯಾರ ಜೇಬಿಗೆ ಹೋಯ್ತೋ, ಆ ಜೇಬಿಗೇ ಗೊತ್ತು.

ಕೊಪ್ಪದ ಚಿಕ್ಕಪ್ಪ: ಬಂತು ನೋಡಿ. 15 ವರ್ಷದಿಂದ ಇದೇ. ನಾನು ಮುಟ್ಟಿಲ್ಲ ಅಂತ ಎಷ್ಟು ಸಲ ಹೇಳ್ಲಿ? ಜೀಪ್ ಮಾರಿದ ದುಡ್ಡಿನ ಲೆಕ್ಕ ನಾನು ಕೇಳಿದ್ದೀನಾ?

ದೊಡ್ಡಪ್ಪ: ಈಗ ಕೇಳಿದೆಯಲ್ಲ.

ತಂಗಿ: ನಾವು ಪ್ಲಗ್ ಬಗ್ಗೆ ಮಾತಾಡ್ತಿದ್ವಿ.

ದೊಡ್ಡಪ್ಪ: ನೀನು ಸುಮ್ನಿರು.

ಸೊರಬದ ಅತ್ತೆ: ಫಿಲ್ಲರ್ ಗೇಜ್ ಅಂದ್ರೆ ಎಂತದು? ಚಾಕು ಥರ ಬಿಚ್ಚಿದ್ರೆ ಒಳಗೆ ತೆಳ್ಳಗೆ ತಗಡಿನ ಎಲೆ ಎಲೆ ಇರ್ತದಲ್ಲ, ಅದಾ? ಅದು ನನ್ನ ಹೊಲಿಗೆ ಮಿಷನ್ ಡ್ರಾಯರಲ್ಲಿದೆ. ಫೋಟೋ ಹಾಕ್ಲಾ?

(ಎಂಟು ನಿಮಿಷ ಯಾರೂ ಬರೆಯಲಿಲ್ಲ. ನೀಲಿ ಟಿಕ್ ಮಾತ್ರ ಎಲ್ಲರದ್ದೂ ಬಿತ್ತು.)

ಕೊಪ್ಪದ ಚಿಕ್ಕಪ್ಪ: ಹಾಕು ಅಕ್ಕ. ಹತ್ತಿರದಿಂದ ತೆಗೆದು ಹಾಕು.