ಜರ್ಮನಿ ಬ್ಲೂ ಕಾರ್ಡ್: ಬೆಂಗಳೂರಿಂದ ಹೋದವರು ಹೇಳಿ, ಏಜೆಂಟ್ ಬೇಕಾ?

ಪೀಣ್ಯದಿಂದ ಕೇಳಿದವರು:

ನಂದು ಮೆಕ್ಯಾನಿಕಲ್ ಬಿಇ, ಆರು ವರ್ಷದಿಂದ ಡಿಸೈನ್ ಕೆಲಸ. ಸ್ಟುಟ್‌ಗಾರ್ಟ್ ಹತ್ತಿರದ ಕಂಪನಿಯೊಂದು ಆಫರ್ ಕೊಟ್ಟಿದೆ, ವರ್ಷಕ್ಕೆ 52 ಸಾವಿರ ಯೂರೋ. ಇಲ್ಲೊಬ್ಬ ಏಜೆಂಟ್ ಬ್ಲೂ ಕಾರ್ಡ್ (ಡಿಗ್ರಿ ಓದಿದವರು ಅಲ್ಲಿದ್ದು ಕೆಲಸ ಮಾಡೋಕೆ ಜರ್ಮನಿ ಕೊಡೋ ಪರವಾನಗಿ) ಫೈಲ್ ಮಾಡಿಕೊಡೋಕೆ ಒಂದೂವರೆ ಲಕ್ಷ ಕೇಳ್ತಿದ್ದಾನೆ. ಅದರಲ್ಲಿ ಡಿಗ್ರಿ ಚೆಕ್ ಮಾಡೋಕೇ 40 ಸಾವಿರವಂತೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಮಾರ್ಕ್ಸ್ ಕಾರ್ಡ್‌ನಲ್ಲಿ ಎರಡು ಇನಿಷಿಯಲ್. ಹೆಂಡತಿ ಜೊತೆಗೇ ಬರಬಹುದಾ? ನೋಟಿಸ್ ಪೀರಿಯಡ್ ಬೇರೆ ಮೂರು ತಿಂಗಳು. ಮೊದಲು ಏನು ಮಾಡ್ಲಿ?

ಬಸವೇಶ್ವರನಗರದವರು, ಈಗ ಜರ್ಮನಿಯಲ್ಲಿ:

ಸರ್, ಆ ಒಂದೂವರೆ ಲಕ್ಷ ಇಟ್ಕೊಳ್ಳಿ, ಇಲ್ಲಿ ಚಳಿಗಾಲದ ಜಾಕೆಟ್‌ಗೂ ಮನೆ ಅಡ್ವಾನ್ಸ್‌ಗೂ ಬೇಕಾಗುತ್ತೆ. ಡಿಗ್ರಿ ಚೆಕ್ ಅಂದ್ರೆ ನಮ್ಮ ಡಿಗ್ರಿಗೆ ಜರ್ಮನಿಯಲ್ಲಿ ಮಾನ್ಯತೆ ಇದೆಯಾ ಅಂತ ನೋಡೋದು. ಅದಕ್ಕಿರೋದು ಅನಾಬಿನ್ ಅನ್ನೋ ವೆಬ್‌ಸೈಟು, ಯಾರು ಬೇಕಾದ್ರೂ ನೋಡಬಹುದು. ನಿಮ್ಮ ಯೂನಿವರ್ಸಿಟಿ ಹೆಸರಿನ ಮುಂದೆ ‘ಎಚ್ ಪ್ಲಸ್’ (H+, ಅಂದ್ರೆ ಮಾನ್ಯತೆ ಇದೆ) ಅಂತ ಇರಬೇಕು. ಅಷ್ಟಕ್ಕೇ ನಿಲ್ಲಿಸಬೇಡಿ, ನಿಮ್ಮ ಡಿಗ್ರಿಯನ್ನೂ ಬೇರೆಯಾಗಿ ಹುಡುಕಿ. ಎರಡೂ ಸಿಕ್ಕರೆ ಎರಡೂ ಪುಟ ಪ್ರಿಂಟ್ ತೆಗೆದಿಡಿ. ಸಿಗದಿದ್ರೆ ಮಾತ್ರ ಜೆಡ್‌ಎಬಿ ಅನ್ನೋ ಸಂಸ್ಥೆಗೆ 208 ಯೂರೋ ಕಟ್ಟಿ, ನಮ್ಮ ಡಿಗ್ರಿ ಜರ್ಮನ್ ಡಿಗ್ರಿಗೆ ಸಮ ಅನ್ನೋ ಪತ್ರ ತರಿಸಬೇಕು.

ಸಂಬಳದ ತಲೆನೋವು ನಿಮಗಿಲ್ಲ. 2025ರಲ್ಲಿ ಬ್ಲೂ ಕಾರ್ಡ್‌ಗೆ ವರ್ಷಕ್ಕೆ ಕನಿಷ್ಠ 48,300 ಯೂರೋ ಇತ್ತು, ಇಂಜಿನಿಯರ್ ಥರ ಜನ ಸಾಕಷ್ಟು ಸಿಗದ ಕೆಲಸಗಳಿಗೆ 43,759.80. ಕಡಿಮೆ ಮೊತ್ತದಲ್ಲಿ ಹೋಗೋರಿಗೆ ಅಲ್ಲಿನ ಉದ್ಯೋಗ ಇಲಾಖೆಯ ಒಪ್ಪಿಗೆ ಬೇಕು. ಮೊತ್ತ ವರ್ಷ ವರ್ಷ ಬದಲಾಗುತ್ತೆ, ಅರ್ಜಿ ಹಾಕೋ ವರ್ಷದ್ದು ನೋಡ್ಕೊಳ್ಳಿ.

ನಿಮ್ಮ ನಿಜವಾದ ಸಮಸ್ಯೆ ಹೆಸರು. ನಾನೂ ಇದರಲ್ಲೇ ಸಿಕ್ಕಿಹಾಕಿಕೊಂಡವನು. ಮಾರ್ಕ್ಸ್ ಕಾರ್ಡಲ್ಲಿ ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್. ಪಾಸ್‌ಪೋರ್ಟಲ್ಲಿ ಬರೀ ಹೆಸರು. ಆಧಾರಲ್ಲಿ ಕೊನೆಗೊಂದು ‘ಎ’ ಜಾಸ್ತಿ. ನಮಗೆ ಇದೆಲ್ಲ ಒಬ್ಬನೇ ಮನುಷ್ಯ ಅಂತ ಗೊತ್ತು, ಜರ್ಮನ್ ಗುಮಾಸ್ತನಿಗೆ ಮೂರು ಜನ. ನಾನು ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ, 1,500 ರೂಪಾಯಿ ಕಟ್ಟಿ, ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿಸಿ ಹೊಸ ಪಾಸ್‌ಪೋರ್ಟ್ ತಗೊಂಡೆ. ಆದ್ರೆ ಮಾಡಿದ ತಪ್ಪೇನು ಅಂದ್ರೆ, ಅಷ್ಟರಲ್ಲಾಗಲೇ ಕಾಂಟ್ರಾಕ್ಟ್‌ಗೆ ಹಳೇ ಹೆಸರಲ್ಲಿ ಸಹಿ ಹಾಕಿದ್ದೆ. ಎಚ್‌ಆರ್‌ನವರು ಹೊಸದು ಕಳಿಸೋಕೆ ಮೂರು ವಾರ ತಗೊಂಡ್ರು. ಮೊದಲು ಪಾಸ್‌ಪೋರ್ಟ್, ಆಮೇಲೆ ಕಾಂಟ್ರಾಕ್ಟ್. ಮಾರ್ಕ್ಸ್ ಕಾರ್ಡ್‌ಗೆ ಮಾತ್ರ ‘ಎರಡೂ ಹೆಸರು ಒಬ್ಬನದೇ’ ಅಂತ ನೋಟರಿ ಅಫಿಡವಿಟ್ ಸಾಕಾಯ್ತು ನನಗೆ.

ಕಾಂಟ್ರಾಕ್ಟ್ ಜೊತೆ ಕಂಪನಿಯವರು ಉದ್ಯೋಗ ಸಂಬಂಧದ ಘೋಷಣೆ ಅಂತ ಇನ್ನೊಂದು ಫಾರ್ಮ್ ತುಂಬಿ ಕೊಡ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ: ಹುದ್ದೆ, ಸಂಬಳ, ವಾರಕ್ಕೆ ಎಷ್ಟು ಗಂಟೆ. ನಂದರಲ್ಲಿ ಒಂದು ಕಡೆ 40, ಇನ್ನೊಂದು ಕಡೆ 38 ಗಂಟೆ ಇತ್ತು. ಅದೊಂದಕ್ಕೇ ವೀಸಾದವರಿಂದ ಮೇಲ್ ಬಂತು.

ವೀಸಾ ಅರ್ಜಿ ಈಗ ಆನ್‌ಲೈನಲ್ಲೇ, ಜರ್ಮನ್ ಸರ್ಕಾರದ ಕಾನ್ಸುಲರ್ ಸರ್ವೀಸಸ್ ಪೋರ್ಟಲ್‌ನಲ್ಲಿ. ಅಲ್ಲಿ ಕಾಗದ ನೋಡಿದ ಮೇಲೆ ಬೆರಳ ಗುರುತು ಕೊಡೋಕೆ ಕರೀತಾರೆ. ವೀಸಾ ಫೀ 75 ಯೂರೋ.

ವಿಜಯನಗರದಿಂದ ಒಬ್ಬ ಹೆಂಡತಿ:

ಬ್ಲೂ ಕಾರ್ಡ್‌ನವರ ಹೆಂಡತಿ ಅಥವಾ ಗಂಡ ಎ1, ಅಂದ್ರೆ ಜರ್ಮನ್ ಭಾಷೆಯ ಮೊದಲ ಹಂತದ ಪರೀಕ್ಷೆ, ಪಾಸ್ ಮಾಡಬೇಕಿಲ್ಲ, ಹೋದ ಮೇಲೆ ಕೆಲಸಕ್ಕೂ ಸೇರಬಹುದು. ಆದ್ರೆ ಛತ್ರದ ಫೋಟೋ, ಲಗ್ನಪತ್ರಿಕೆ ತೋರಿಸಿದ್ರೆ ನಡೆಯಲ್ಲ ಅಣ್ಣ, ಸಬ್‌ರಿಜಿಸ್ಟ್ರಾರ್ ಆಫೀಸಿನ ವಿವಾಹ ನೋಂದಣಿ ಪತ್ರ ಬೇಕು. ನಾವು ಮದುವೆಯಾಗಿ ನಾಲ್ಕು ವರ್ಷ ಆದ್ಮೇಲೆ ಓಡಿಹೋಗಿ ಮಾಡಿಸಿದ್ವಿ, ಸಾಕ್ಷಿಗೆ ಅತ್ತಿಗೆನ ತುಮಕೂರಿಂದ ಕರೆಸಿ. ಎ1 ಬೇಡ ಅಂದ್ರೂ ನಾನು ಕಲ್ತೆ. ಬೇಕರಿಯಲ್ಲಿ ಬ್ರೆಡ್ ಕೇಳೋಕೂ ಬೇಕಾಗುತ್ತೆ ನೋಡಿ.

ಕೆಂಗೇರಿಯ ಸ್ಟಾಫ್ ನರ್ಸ್:

ಇದನ್ನ ಓದಿ ನರ್ಸಿಂಗ್‌ನವರು ಇಷ್ಟೇನಾ ಅಂದ್ಕೋಬೇಡಿ. ನಮ್ಮ ದಾರಿ ಬೇರೆ. ಅನಾಬಿನ್ ಪ್ರಿಂಟ್‌ಔಟ್ ನಡೆಯಲ್ಲ, ಜರ್ಮನಿಯ ಆಯಾ ರಾಜ್ಯದವರು ನಮ್ಮ ಓದಿಗೆ ಮಾನ್ಯತೆ ಕೊಡಬೇಕು, ಜೊತೆಗೆ ಜರ್ಮನ್ ಭಾಷೆ ಸಾಮಾನ್ಯವಾಗಿ ಬಿ2, ಅಂದ್ರೆ ಎ1, ಎ2, ಬಿ1 ಆದ್ಮೇಲಿನ ಹಂತ. ನಾನು ಇಂದಿರಾನಗರದಲ್ಲಿ ಜರ್ಮನ್ ಕಲಿಸೋ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬಿ1 ಬರೆದೆ, ಬಿ2 ಇನ್ನೂ ಬಾಕಿ. ಕೆಲಸ ಕೊಡೋ ಜರ್ಮನ್ ಆಸ್ಪತ್ರೆಯವರು ಮನಸ್ಸು ಮಾಡಿದ್ರೆ ಅಲ್ಲೇ 411 ಯೂರೋ ಕಟ್ಟಿ, ಮಾನ್ಯತೆ, ವೀಸಾ ಬೇಗ ಆಗೋ ತ್ವರಿತ ಪ್ರಕ್ರಿಯೆಗೆ ಹಾಕಬಹುದು, ಕೇಳಿ ನೋಡಿ. ಮತ್ತೆ, ಏಜೆನ್ಸಿಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಲೇಬೇಡಿ. ನಂದು ಏಳು ತಿಂಗಳು ಒಬ್ಬರ ಬೀರುವಿನಲ್ಲಿತ್ತು. ವಾಪಸ್ ಕೇಳಿದ್ರೆ ‘ಬಾಂಡ್ ಮುರಿದ ದುಡ್ಡು ಕಟ್ಟಮ್ಮ’ ಅಂದ್ರು. ಕೊನೆಗೆ ನಮ್ಮಪ್ಪ ಹೋಗಿ ಅವರ ಆಫೀಸಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಕೂತು ಈಸ್ಕೊಂಡು ಬಂದ್ರು.

ಬಸವೇಶ್ವರನಗರದವರು, ಮತ್ತೆ:

ರಾಜೀನಾಮೆ ವಿಷಯ ಬಿಟ್ಟೇಹೋಯ್ತು. ವೀಸಾ ಕೈಗೆ ಬರೋ ತನಕ ಕೊಡಬೇಡಿ. ಮೂರು ತಿಂಗಳು ನೋಟಿಸ್ ಇದೆ ಅಂತ ಜರ್ಮನ್ ಕಂಪನಿಗೆ ಈಗಲೇ ಹೇಳಿ, ಅವರಲ್ಲೂ ಮೂರು ತಿಂಗಳ ನೋಟಿಸ್ ಹೊಸದೇನಲ್ಲ. ಇಲ್ಲಿಗೆ ಬಂದಮೇಲೆ ಮನೆಗೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮನೆ ಓನರ್ ಸಹಿ ಮಾಡಿದ ಪತ್ರ ಕೇಳ್ತಾರೆ. ಅದು ಕೊಡಲ್ಲ ಅನ್ನೋ ಓನರ್ ಮನೆಗೆ ಅಡ್ವಾನ್ಸ್ ಕೊಡಬೇಡಿ. ಬ್ಲೂ ಕಾರ್ಡ್ ಕೈಗೆ ಬರೋದು ಇದಾದ ಮೇಲೆ, ವಿದೇಶಿಯರ ಕಚೇರಿಯಿಂದ.

ಪೀಣ್ಯದವರು:

ಎಲ್ಲರಿಗೂ ಥ್ಯಾಂಕ್ಸ್. ಅನಾಬಿನ್‌ನಲ್ಲಿ ಯೂನಿವರ್ಸಿಟಿನೂ ಸಿಕ್ತು, ಡಿಗ್ರಿನೂ ಸಿಕ್ತು. ಜರ್ಮನ್ ಪುಟ ಅರ್ಥ ಮಾಡ್ಕೊಳ್ಳೋದೂ ಸೇರಿ ಇಪ್ಪತ್ತು ನಿಮಿಷ, ಅವನು 40 ಸಾವಿರ ಕೇಳಿದ್ದು ಇದಕ್ಕೇ. ಕಾಂಟ್ರಾಕ್ಟ್‌ಗೆ ಇನ್ನೂ ಸಹಿ ಹಾಕಿಲ್ಲ. ಗುರುವಾರಕ್ಕೆ ಪಾಸ್‌ಪೋರ್ಟ್ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಸರ್‌ನೇಮ್ ಅಪ್ಪನ ಹೆಸರಿಡೋದಾ, ಊರಿನ ಹೆಸರಿಡೋದಾ ಅಂತ ಮನೇಲಿ ಚರ್ಚೆ ನಡೀತಿದೆ.