7 ಗಜದಲ್ಲೇ ಎಡಕ್ಕೆ, ಕೆಳಕ್ಕೆ ಹೊಡೆಯುವ ಅಗ್ಗದ ಸಬ್‌ಕಾಂಪ್ಯಾಕ್ಟ್ ಪಿಸ್ತೂಲು: ಕಂಪನಿ ‘ಸರಿಯಿದೆ’ ಎನ್ನುತ್ತಿದೆ

ಡಲ್ಲಾಸ್‌ದಾವಣಗೆರೆ:
ಮೂರು ತಿಂಗಳ ಹಿಂದೆ 230 ಡಾಲರ್ ಕೊಟ್ಟು ತಂದ, ತೀರಾ ಚಿಕ್ಕ ಗಾತ್ರದ 9 ಎಂ.ಎಂ. ಸಬ್‌ಕಾಂಪ್ಯಾಕ್ಟ್ ಪಿಸ್ತೂಲು 7 ಗಜ ದೂರದಿಂದಲೇ, ಅಂದರೆ ಊರಿನ ಮನೆಯ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಇರುವಷ್ಟು ಅಂತರದಿಂದಲೇ, ಇಟ್ಟ ಗುರಿಗಿಂತ ನಾಲ್ಕು ಇಂಚು ಎಡಕ್ಕೆ ಮತ್ತು ಮೂರು ಇಂಚು ಕೆಳಕ್ಕೆ ಹೊಡೆಯುತ್ತಿದೆ. ಕಂಪನಿಗೆ ಕಳುಹಿಸಿದೆ. ಐದು ವಾರ ಇಟ್ಟುಕೊಂಡು, ‘ಪರೀಕ್ಷಿಸಲಾಗಿದೆ, ನಿಗದಿತ ಮಾನದಂಡದೊಳಗಿದೆ’ ಎಂಬ ಒಂದು ಸಾಲಿನ ಚೀಟಿಯನ್ನೂ ಮೂರು ತೂತುಗಳಿರುವ ಒಂದು ಕಾಗದವನ್ನೂ ಜೊತೆಗಿಟ್ಟು ಹಿಂದಿರುಗಿಸಿದರು. ಆ ತೂತುಗಳು ಎಷ್ಟು ದೂರದಿಂದ ಬಿದ್ದವು, ಯಾವ ಗುಂಡಿನಿಂದ ಬಿದ್ದವು ಎಂಬುದನ್ನು ಎಲ್ಲಿಯೂ ಬರೆದಿಲ್ಲ. ಫೋನ್ ಮಾಡಿ ನಲವತ್ತು ನಿಮಿಷ ಸಂಗೀತ ಕೇಳಿದ ಮೇಲೆ ಸಿಕ್ಕ ಮಹಿಳೆ, ಇದು ಆತ್ಮರಕ್ಷಣೆಯ ಆಯುಧವೇ ಹೊರತು ಸ್ಪರ್ಧೆಯದ್ದಲ್ಲ ಎಂದು ಬಹಳ ವಿನಯದಿಂದ ಹೇಳಿದರು. ಇಂತಹ ಕಂಪನಿಗಳಿಂದ ಬ್ಯಾರೆಲ್ ಬದಲಾಯಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ದಾರಿ ತೋರಿಸಿ.

ಗುರಿಗಾರ_ಫೀನಿಕ್ಸ್:
ಬ್ಯಾರೆಲ್ ಬದಲಾಯಿಸುವ ಮಾತು ಆಮೇಲಿನದು. ಪಿಸ್ತೂಲು ಯಾವುದು, ಗುಂಡು ಎಷ್ಟು ಗ್ರೇನಿನದು (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ), ನೀವು ಬಲಗೈಯವರೋ ಎಡಗೈಯವರೋ, ಮರಳಿನ ಚೀಲದ ಮೇಲೆ ಊರಿ ಹೊಡೆದಿರೋ ನಿಂತು ಹೊಡೆದಿರೋ ಎಂಬ ನಾಲ್ಕು ವಿಷಯಗಳಲ್ಲಿ ಒಂದನ್ನೂ ನೀವು ಬರೆದಿಲ್ಲ.

ಹಳೇರಿವಾಲ್ವರ್:
ನಾಲ್ಕೂ ಪ್ರಶ್ನೆಗಳಿಗೆ ಉತ್ತರ ಬರುವ ಮೊದಲೇ ನಾನು ರೋಗವನ್ನು ಹೇಳಿಬಿಡುತ್ತೇನೆ. ಬಲಗೈಯವರ ಗುಂಡು ಕೆಳಕ್ಕೆ ಮತ್ತು ಎಡಕ್ಕೆ ಬೀಳುತ್ತಿದ್ದರೆ ಅದು ಬೆರಳಿನ ದೋಷ. ಟ್ರಿಗರ್ ಎಳೆಯುವ ಬೆರಳಿನ ಜೊತೆಗೆ ಉಳಿದ ಮೂರು ಬೆರಳುಗಳೂ ಬಿಗಿಯುತ್ತವೆ, ಸಿಡಿಯುವ ಕ್ಷಣವನ್ನು ಮೊದಲೇ ಊಹಿಸಿದ ಮಣಿಕಟ್ಟು ಕೆಳಗೆ ಒತ್ತುತ್ತದೆ, ಪಿಸ್ತೂಲಿನ ಮೂತಿ ಬಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮ್ಯಾಗಜೀನಿನಲ್ಲಿ ನಿಜವಾದ ಗುಂಡುಗಳ ನಡುವೆ ಎರಡು ಡಮ್ಮಿ ಗುಂಡುಗಳನ್ನು ಬೇರೆಯವರ ಕೈಯಲ್ಲಿ ತುಂಬಿಸಿ, ಎಲ್ಲಿವೆ ಎಂದು ನಿಮಗೆ ತಿಳಿಯದಂತೆ ಹೊಡೆಯಿರಿ. ಡಮ್ಮಿ ಬಂದಾಗ ಮೂತಿ ಹೇಗೆ ತಲೆಬಾಗುತ್ತದೆಂದು ನಿಮಗೇ ಕಾಣಿಸುತ್ತದೆ.

ಡಲ್ಲಾಸ್‌ದಾವಣಗೆರೆ:
ಗಾದೆಗೆ ಧನ್ಯವಾದಗಳು. ನಾನು ಆರು ವರ್ಷಗಳಿಂದ ಪೂರ್ಣ ಅಳತೆಯ ಪಿಸ್ತೂಲಿನಲ್ಲಿ ಹೊಡೆಯುತ್ತಿದ್ದೇನೆ. ಅದೇ ಬೆರಳು, ಅದೇ ಮಣಿಕಟ್ಟು, ಅದೇ 7 ಗಜ, ಅಲ್ಲಿ ಐದು ಗುಂಡುಗಳನ್ನು ಒಂದು ಅಂಗೈಯಲ್ಲಿ ಮುಚ್ಚಬಹುದು. ನಾನು ಬಲಗೈಯವನು, ಎರಡೂ ಕೈಗಳಿಂದ ಹಿಡಿದು ನಿಂತು ಹೊಡೆದದ್ದು, ಗುಂಡು 115 ಗ್ರೇನಿನದು. ಕಂಪನಿಯೊಡನೆ ದೂರು ಇನ್ನೂ ನಡೆಯುತ್ತಿರುವುದರಿಂದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪ್ರತಿ ಹೊಡೆತಕ್ಕೂ ಉದ್ದಕ್ಕೆ ಎಳೆಯಬೇಕಾದ, ಒಳಗೆ ಸುತ್ತಿಗೆಯಿರುವ, ಕೇವಲ ಡಬಲ್ ಆ್ಯಕ್ಷನ್ ಟ್ರಿಗರಿನ ಪಿಸ್ತೂಲು ಎಂದಷ್ಟೇ ತಿಳಿದುಕೊಳ್ಳಿ. ಬ್ಯಾರೆಲ್ 3.1 ಇಂಚು.

ಹಳೇರಿವಾಲ್ವರ್:
ಹೆಸರಿಲ್ಲದ ರೋಗಿಗೆ ಔಷಧ ಕೊಡುವುದು ಕಷ್ಟ, ಆದರೂ ಈಗ ನನ್ನ ಮಾತು ಇನ್ನಷ್ಟು ಗಟ್ಟಿಯಾಯಿತು. ನಿಮ್ಮದು ಖಾಲಿಯಿದ್ದಾಗ ಸುಮಾರು 15 ಔನ್ಸ್, ಅಂದರೆ ಒಂದು ಪೌಂಡಿಗೂ ಕಡಿಮೆ ತೂಗಬಹುದು; ಆ ಬಗೆಯ ಟ್ರಿಗರ್ ಎಳೆಯಲು ಏನಿಲ್ಲವೆಂದರೂ 8–9 ಪೌಂಡ್ ಬಲ ಬೇಕು. ಆಯುಧದ ತೂಕದ ಒಂಬತ್ತು ಪಟ್ಟು ಬಲವನ್ನು ಒಂದೇ ಬೆರಳಿನಿಂದ ಹಾಕುತ್ತಾ ಅದನ್ನು ಕದಲದಂತೆ ಹಿಡಿಯಬೇಕೆಂದಾಯಿತು. ನಿಮ್ಮ ಪೂರ್ಣ ಅಳತೆಯ ಪಿಸ್ತೂಲು ಎರಡು ಪೌಂಡಿನ ಹತ್ತಿರವಿದ್ದು ಐದಾರು ಪೌಂಡಿನ ಟ್ರಿಗರ್ ಹೊಂದಿದ್ದರೆ ಆ ಲೆಕ್ಕ ಮೂರು ಪಟ್ಟಿಗೆ ನಿಲ್ಲುತ್ತದೆ. ಅಲ್ಲಿ ಅಡಗಿದ್ದ ದೋಷ ಇಲ್ಲಿ ಬಯಲಾಗಿದೆ, ಅಷ್ಟೆ. 2018ರಲ್ಲಿ ಸಿಗ್ ಪಿ365 ಎಂಬ ಚಿಕ್ಕ ಪಿಸ್ತೂಲು ಬಂದ ವರ್ಷವೇ ನಾನು ಅದನ್ನು ಕೊಂಡೆ. ಅದರ ಬ್ಯಾರೆಲ್ಲೂ 3.1 ಇಂಚಿನದೇ, 15 ಗಜದಲ್ಲಿ ಚಹಾ ತಟ್ಟೆಯೊಳಗೆ ಹತ್ತೂ ಗುಂಡುಗಳನ್ನು ಇಡುತ್ತೇನೆ. ಬ್ಯಾರೆಲ್ಲಿನ ಉದ್ದವನ್ನು ದೂರಬೇಡಿ.

ಕಾವೇರಿಕಣಿವೆ:
ನಮ್ಮ ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ನಮ್ಮ ತಾತ ಮೊದಲ ಗುಂಡಿಗೇ ಒಡೆಯುತ್ತಿದ್ದರು, ನಾನೂ ಎರಡು ಸಲ ಒಡೆದಿದ್ದೇನೆ. ಉದ್ದದ ಕೋವಿಯಲ್ಲಿ ಹಿಂದಿನ ಗುರುತಿಗೂ ಮುಂದಿನ ಗುರುತಿಗೂ ಅಂತರ ಹೆಚ್ಚು, ಕಣ್ಣಿನ ಸಣ್ಣ ತಪ್ಪು ಅಲ್ಲಿ ದೊಡ್ಡದಾಗುವುದಿಲ್ಲ. ಗುಂಡಿನ ವಿಷಯಕ್ಕೆ ಬಂದರೆ, 147 ಗ್ರೇನಿನ ಭಾರದ ಗುಂಡು ಹಾಕಿದರೆ ಇನ್ನೂ ಕೆಳಗೆ ಹೋಗುತ್ತದೆ, ಆದ್ದರಿಂದ 115ಕ್ಕಿಂತ ಹಗುರವಾದದ್ದನ್ನು ಹುಡುಕಿ.

ಗುರಿಗಾರ_ಫೀನಿಕ್ಸ್:
ತೆಂಗಿನಕಾಯಿಯ ವಿಷಯದಲ್ಲಿ ನಿಮ್ಮೊಡನೆ ವಾದಿಸುವ ಧೈರ್ಯ ನನಗಿಲ್ಲ, ಆದರೆ ಗುಂಡಿನ ಮಾತು ತಲೆಕೆಳಗಾಗಿದೆ. ಇಷ್ಟು ಹತ್ತಿರದಲ್ಲಿ ಗುಂಡು ನೆಲದತ್ತ ಜಾರುವುದು ಲೆಕ್ಕಕ್ಕೇ ಬರುವುದಿಲ್ಲ. ಭಾರದ ಗುಂಡು ನಿಧಾನವಾಗಿ ಚಲಿಸುವುದರಿಂದ ಬ್ಯಾರೆಲ್ಲಿನೊಳಗೆ ತುಸು ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಹಿಮ್ಮೆಟ್ಟಿನಿಂದ ಮೂತಿ ಮೇಲೇಳುತ್ತಿರುತ್ತದೆ. ಆದ್ದರಿಂದ ಕೈಪಿಸ್ತೂಲಿನಲ್ಲಿ ಭಾರದ ಗುಂಡು ಸಾಮಾನ್ಯವಾಗಿ ಸ್ವಲ್ಪ ಮೇಲಕ್ಕೇ ಬೀಳುತ್ತದೆ. ಕೆಳಗೆ ಬೀಳುತ್ತಿರುವವರು 124 ಅಥವಾ 147 ಪ್ರಯತ್ನಿಸಬೇಕೇ ಹೊರತು ಹಗುರಕ್ಕೆ ಇಳಿಯಬಾರದು. ಎಡಕ್ಕೆ ಹೋಗುವುದನ್ನಂತೂ ಯಾವ ಗ್ರೇನೂ ತಿದ್ದುವುದಿಲ್ಲ.

ಎಡಿಸನ್‌ಓದುಗ:
ಈ ಚರ್ಚೆಯನ್ನು ಹೊಸದಾಗಿ ಬಂದ ಹುಡುಗರೂ ಓದುತ್ತಾರೆ ಎಂಬ ಕಾರಣಕ್ಕೆ ಒಂದು ಮಾತು. ಎಚ್-1ಬಿ ವೀಸಾದಲ್ಲಿ ಇರುವವರು ಬೇಟೆಯ ಪರವಾನಗಿಯಂತಹ ವಿನಾಯಿತಿ ಇಲ್ಲದೆ ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಗ್ರೀನ್ ಕಾರ್ಡ್ ಇದ್ದವರಿಗೆ ಆ ತಡೆಯಿಲ್ಲ. ಹಾಗೆಯೇ ಕೊಡವರಿಗೆ ಊರಿನಲ್ಲಿರುವ ಪರವಾನಗಿ ವಿನಾಯಿತಿ ಕೋವಿಗಳಿಗೆ ಸಂಬಂಧಿಸಿದ್ದು, ಪಿಸ್ತೂಲಿಗೆ ಅನ್ವಯಿಸುವುದಿಲ್ಲ. ಕೇಳಿದವರು ಯಾವ ವೀಸಾದಲ್ಲಿದ್ದಾರೆ?

ಡಲ್ಲಾಸ್‌ದಾವಣಗೆರೆ:
ನಾನು ಪೌರತ್ವ ಪಡೆದು ನಾಲ್ಕು ವರ್ಷಗಳಾದವು. ನನ್ನ ಪ್ರಶ್ನೆ ವೀಸಾದ ಬಗ್ಗೆ ಇರಲಿಲ್ಲ, ತೆಂಗಿನಕಾಯಿಯ ಬಗ್ಗೆಯೂ ಇರಲಿಲ್ಲ.

ಲೇತ್‌ಮೇಷ್ಟ್ರು:
ನಿಮ್ಮ ಪಿಸ್ತೂಲಿನ ಎರಡು ಸೈಟುಗಳ, ಅಂದರೆ ಗುರಿ ಹಿಡಿಯುವ ಹಿಂದಿನ ಮತ್ತು ಮುಂದಿನ ಗುರುತುಗಳ, ನಡುವಿನ ಅಂತರ ಸುಮಾರು 132 ಮಿಲಿಮೀಟರ್ ಎಂದು ಹಿಡಿಯುತ್ತೇನೆ, ಆ ಗಾತ್ರದವು ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. 7 ಗಜವೆಂದರೆ 6,400 ಮಿಲಿಮೀಟರ್. ಹಿಂದಿನ ಸೈಟು ಒಂದು ಮಿಲಿಮೀಟರ್ ಸರಿದರೆ ಕಾಗದದ ಮೇಲೆ 6,400 ಭಾಗಿಸು 132, ಅಂದರೆ 48 ಮಿಲಿಮೀಟರ್, ಹತ್ತಿರ ಹತ್ತಿರ ಎರಡು ಇಂಚು ಸರಿಯುತ್ತದೆ. ನಿಮ್ಮ ನಾಲ್ಕು ಇಂಚು ಪೂರ್ತಿಯಾಗಿ ಸೈಟಿನದೇ ತಪ್ಪಾಗಿದ್ದರೆ ಅದು ಎಡಕ್ಕೆ ಎರಡು ಮಿಲಿಮೀಟರ್ ಕೂತಿರಬೇಕು. ಅಷ್ಟಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ಪಿಸ್ತೂಲು ಖಾಲಿಯಿದೆಯೆಂದು ಎರಡು ಸಲ ನೋಡಿ, ಮ್ಯಾಗಜೀನ್ ತೆಗೆದು, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಸ್ಲೈಡನ್ನು (ಮೇಲಿನ ಜಾರುವ ಭಾಗವನ್ನು) ಬಿಚ್ಚಿ ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಹಿಂದಿನ ಸೈಟನ್ನು ಪಕ್ಕಕ್ಕೆ ಒತ್ತಿ ನೋಡಿ. ಇಷ್ಟು ದಿನ ಬೆರಳಿನ ಬಗ್ಗೆ ಮಾತಾಡಿದ್ದಾಯಿತು, ಆ ಬೆರಳಿಗೆ ಇದೊಂದು ಕೆಲಸ ಕೊಡಿ.

ಡಲ್ಲಾಸ್‌ದಾವಣಗೆರೆ:
ಮೇಷ್ಟ್ರೇ, ಸೈಟು ಅಲುಗಾಡುತ್ತಿದೆ.

ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ, ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದೆ. ಹಿಂದಿನ ಸೈಟು ಪ್ಲಾಸ್ಟಿಕ್ಕಿನದು, ನಡುವೆ ಒಂದು ಸಣ್ಣ ಆರುಮೂಲೆಯ ಸ್ಕ್ರೂ ಅದನ್ನು ಒತ್ತಿ ಹಿಡಿಯಬೇಕು. ಆ ಸ್ಕ್ರೂ ತಲೆಯ ಮೂಲೆಗಳು ಯಾರೋ ತಪ್ಪು ಕೀಲಿಯಿಂದ ತಿರುಗಿಸಿದ ಹಾಗೆ ದುಂಡಗಾಗಿವೆ. ಹೆಬ್ಬೆರಳಿನಿಂದ ಒತ್ತಿದರೆ ಸೈಟು ಟಕ್ಕೆಂದು ಎಡಕ್ಕೆ ಹೋಗುತ್ತದೆ, ಮತ್ತೆ ಟಕ್ಕೆಂದು ಬಲಕ್ಕೆ ಬರುತ್ತದೆ. ಕ್ಯಾಲಿಪರಿನಲ್ಲಿ ಅಳೆದಾಗ ನಡುವಿನಿಂದ ಎಡಕ್ಕೆ 1.1 ಮಿಲಿಮೀಟರ್ ಇತ್ತು. ನಡುವಿಗೆ ತಂದು, ಮಗಳ ಪೆನ್ಸಿಲಿನಿಂದ ಸೈಟಿನ ಮೇಲೂ ಸ್ಲೈಡಿನ ಮೇಲೂ ಸೇರುವಂತೆ ಒಂದು ಗೆರೆ ಎಳೆದು ರೇಂಜಿಗೆ ಹೋದೆ. ಮೊದಲ ಹತ್ತು ಗುಂಡುಗಳು ಎರಡು ಇಂಚಿನಷ್ಟೇ ಎಡಕ್ಕೆ ಬಿದ್ದವು. ಐವತ್ತು ಮುಗಿಯುವ ಹೊತ್ತಿಗೆ ಮತ್ತೆ ನಾಲ್ಕಾಯಿತು, ಪೆನ್ಸಿಲ್ ಗೆರೆ ಮುರಿದ ಬಳೆಯ ಹಾಗೆ ಎರಡು ತುಂಡಾಗಿ ನಿಂತಿತ್ತು.

ನಾನು ಮೊದಲೇ ಹೇಳಬೇಕಿದ್ದ ಒಂದು ವಿಷಯವಿದೆ. ಕಂಪನಿಗೆ ಕಳುಹಿಸುವ ಮುನ್ನ ಮರಳಿನ ಚೀಲದ ಮೇಲೆ ಊರಿ ಒಮ್ಮೆಯೂ ಹೊಡೆದಿರಲಿಲ್ಲ. ಸ್ಕ್ರೂವನ್ನು ಮಾತ್ರ ನಾನು ಮುಟ್ಟಿಲ್ಲ.

ಹಳೇರಿವಾಲ್ವರ್:
ನೆಲ ಸ್ವಲ್ಪ ಡೊಂಕಾಗಿತ್ತೆಂದು ಒಪ್ಪುತ್ತೇನೆ. ಆದರೆ ಸೈಟನ್ನು ನಡುವಿಗೆ ತಂದ ಮೇಲೂ ಮೊದಲ ಹತ್ತು ಗುಂಡುಗಳು ಎರಡು ಇಂಚು ಎಡಕ್ಕೆ ಏಕೆ ಬಿದ್ದವು? ಕೆಳಗಿನ ಮೂರು ಇಂಚನ್ನು ಪಕ್ಕಕ್ಕೆ ಸರಿಯುವ ಸೈಟು ವಿವರಿಸುವುದಿಲ್ಲವಲ್ಲ?

ಗುರಿಗಾರ_ಫೀನಿಕ್ಸ್:
ಕಂಪನಿಯವರ ಚೀಟಿ ಸುಳ್ಳಾಗಿರಬೇಕೆಂದೇನೂ ಇಲ್ಲ. ಸೈಟನ್ನು ಕೈಯಿಂದ ನಡುವಿಗೆ ತಳ್ಳಿ ಮೂರು ಗುಂಡು ಹೊಡೆದರೆ ಮೂರೂ ಸರಿಯಾಗಿಯೇ ಬೀಳುತ್ತವೆ, ಸಡಿಲವಾದ ಸ್ಕ್ರೂ ಮೂರು ಗುಂಡಿಗೆ ಬಣ್ಣ ತೋರಿಸುವುದಿಲ್ಲ. ನನ್ನ ಆಕ್ಷೇಪವೇನೆಂದರೆ, ದೂರು ‘ಎಡಕ್ಕೆ ಹೋಗುತ್ತದೆ’ ಎಂದಿರುವಾಗ ಸೈಟನ್ನು ಒಮ್ಮೆ ಒತ್ತಿ ನೋಡಲು ಐದು ವಾರದಲ್ಲಿ ಐದು ಸೆಕೆಂಡು ಸಿಗಲಿಲ್ಲವೇ ಎಂಬುದು. ಈಗ ಫೋನ್ ಮಾಡುವಾಗ ‘ಗುರಿ ಸರಿಯಿಲ್ಲ’ ಎನ್ನಬೇಡಿ. ‘ಹಿಂದಿನ ಸೈಟಿನ ಸ್ಕ್ರೂ ಹಾಳಾಗಿದೆ, ಸೈಟು 1.1 ಮಿಲಿಮೀಟರ್ ಸರಿಯುತ್ತಿದೆ’ ಎನ್ನಿ, ಫೋಟೋ ಕಳುಹಿಸಿ. ‘ಗುರಿ’ ಎಂದರೆ ಅದು ಅಭಿಪ್ರಾಯವಾಗುತ್ತದೆ, ಸ್ಕ್ರೂ ಎಂದರೆ ಬಿಡಿಭಾಗವಾಗುತ್ತದೆ. ಪಿಸ್ತೂಲನ್ನೇ ಮತ್ತೆ ಕೇಳಿದರೆ ಸಾಗಣೆಯ ಚೀಟಿಯನ್ನು ಅವರಿಂದಲೇ ತರಿಸಿಕೊಳ್ಳಿ. ದುರಸ್ತಿಯಾದ ಆಯುಧವನ್ನು ತಯಾರಕರು ಡೀಲರನ ಮೂಲಕವಲ್ಲದೆ ನೇರವಾಗಿ ನಿಮಗೆ ಕಳುಹಿಸಲು ಕೇಂದ್ರ ಕಾನೂನಿನಲ್ಲಿ ಅವಕಾಶವಿದೆ.

ಕಾವೇರಿಕಣಿವೆ:
ಸ್ಕ್ರೂಗೆ ಅಲುಗದಂತೆ ಹಿಡಿಯುವ ಅಂಟಾದ ಕೆಂಪು ಲಾಕ್‌ಟೈಟ್ ಹಾಕಿ ಬಿಗಿದುಬಿಡಿ, ಮತ್ತೆ ಜನ್ಮದಲ್ಲಿ ಅಲುಗುವುದಿಲ್ಲ.

ಲೇತ್‌ಮೇಷ್ಟ್ರು:
ಅಲುಗುವುದಿಲ್ಲ, ಬಿಚ್ಚುವುದೂ ಇಲ್ಲ. ಕೆಂಪನ್ನು ಬಿಡಿಸಲು ಬಿಸಿ ಕೊಡಬೇಕು, ಪ್ಲಾಸ್ಟಿಕ್ ಸೈಟಿಗೆ ಬಿಸಿ ಕೊಟ್ಟರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಇನ್ನೂ ಒಂದು ವಿಷಯವಿದೆ: ಸ್ಕ್ರೂವಿನ ತಿರುಪನ್ನು ಕಚ್ಚಿಸುವ ಇಂಥ ಕೆಲವು ದ್ರವಗಳು ಪ್ಲಾಸ್ಟಿಕ್ಕನ್ನೇ ಬಿರುಕು ಬಿಡಿಸುತ್ತವೆ. ಹೊಸ ಸ್ಕ್ರೂ ಬಂದ ಮೇಲೆ ಎಣ್ಣೆಯಂಶವನ್ನು ಪೂರ್ತಿಯಾಗಿ ಒರೆಸಿ, ಅದೇ ಅಂಟಿನ ಬಿಚ್ಚಬಹುದಾದ ನೀಲಿ ಬಗೆಯನ್ನು ಸೂಜಿಯ ಮೊನೆಯಷ್ಟು ಮಾತ್ರ ಸ್ಕ್ರೂವಿನ ತಿರುಪಿಗೆ ಮುಟ್ಟಿಸಿ, ಹೊರಗೆ ಹರಿದದ್ದನ್ನು ತಕ್ಷಣ ಒರೆಸಿ, ಒಂದು ದಿನ ಒಣಗಲು ಬಿಡಿ. ಪೆನ್ಸಿಲ್ ಗೆರೆಯ ಬದಲು ಉಗುರಿನ ಬಣ್ಣದ ಗೆರೆ ಎಳೆಯಿರಿ, ಸರಿದರೆ ಬಣ್ಣ ಒಡೆದು ಕಾಣಿಸುತ್ತದೆ.

ಕಾವೇರಿಕಣಿವೆ:
ನಮ್ಮ ಎಸ್ಟೇಟಿನ ಪಂಪ್‌ಸೆಟ್ಟಿಗೆ ಹದಿನೈದು ವರ್ಷಗಳಿಂದ ಕೆಂಪನ್ನೇ ಹಾಕುತ್ತಿದ್ದೇವೆ.

ಲೇತ್‌ಮೇಷ್ಟ್ರು:
ಪಂಪ್‌ಸೆಟ್ಟಿಗೆ ಹಾಕಿ ಸ್ವಾಮಿ, ಯಾರು ಬೇಡ ಎಂದರು.

ಡಲ್ಲಾಸ್‌ದಾವಣಗೆರೆ:
ಗುರಿಗಾರರು ಹೇಳಿದ ಮಾತುಗಳನ್ನೇ ಹೇಳಿದೆ. ಈ ಸಲ ಹನ್ನೊಂದು ನಿಮಿಷಕ್ಕೆ ಮಾತು ಮುಗಿಯಿತು. ಫೋಟೋ ನೋಡಿದವರು ಹೊಸ ಸೈಟನ್ನೂ ಎರಡು ಸ್ಕ್ರೂಗಳನ್ನೂ ಹಣವಿಲ್ಲದೆ ಕಳುಹಿಸುವುದಾಗಿ ಒಪ್ಪಿದರು. ಐದು ವಾರದ ಚೀಟಿಯ ಬಗ್ಗೆ ಕೇಳಿದ್ದಕ್ಕೆ ಅದು ಬೇರೆ ವಿಭಾಗ ಎಂದರು. ಇಂದು ಮರಳಿನ ಚೀಲದ ಮೇಲೆ ಊರಿ, ಪ್ರತಿ ಐದು ಗುಂಡಿಗೊಮ್ಮೆ ಸೈಟನ್ನು ನಡುವಿಗೆ ತಂದುಕೊಂಡು, 124 ಗ್ರೇನಿನಲ್ಲಿ ಹೊಡೆದೆ: ಎಡಕ್ಕೆ ಅರ್ಧ ಇಂಚು, ಕೆಳಕ್ಕೆ ಒಂದು ಇಂಚು, ಐದು ಗುಂಡುಗಳ ಹರವು ಎರಡು ಇಂಚಿನೊಳಗೆ. ಬ್ಯಾರೆಲ್ಲಿನ ಮೇಲಿನ ಆರೋಪವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಅದೇ ಹೊತ್ತಿನಲ್ಲಿ ನಿಂತು ಹೊಡೆದಾಗ ಎಡಕ್ಕೆ ಎರಡು, ಕೆಳಕ್ಕೆ ಎರಡೂವರೆ.

ಹಳೇರಿವಾಲ್ವರ್:
ಡಮ್ಮಿ ಗುಂಡು ತುಂಬಿ ಹೊಡೆದಿರಾ?

ಡಲ್ಲಾಸ್‌ದಾವಣಗೆರೆ:
ಹೊಡೆದೆ. ಹೆಂಡತಿ ತುಂಬಿಕೊಟ್ಟಳು. ನಾಲ್ಕನೆಯದು ಡಮ್ಮಿಯಾಗಿತ್ತು, ಮೂತಿ ಎಷ್ಟು ಬಾಗಿತೆಂದು ಇಲ್ಲಿ ಬರೆಯುವುದಿಲ್ಲ.

ಟೆಂಪಿಯಿಂದ:
ನನ್ನ ಪಿಸ್ತೂಲಿಗೂ ಇಂಥದ್ದೇ ಪ್ಲಾಸ್ಟಿಕ್ ಸೈಟು ಇದೆ, ಈಗ ತಾನೇ ಒತ್ತಿ ನೋಡಿದೆ, ಅದೂ ಅಲುಗುತ್ತದೆ. ಆ ಸ್ಕ್ರೂಗೆ ಎಷ್ಟು ಅಳತೆಯ ಕೀಲಿ ಬೇಕು?

ಡಲ್ಲಾಸ್‌ದಾವಣಗೆರೆ:
ನನ್ನದರ ಮೂಲೆಗಳು ಸವೆದಿರುವುದರಿಂದ ಅಳೆಯಲಾಗಲಿಲ್ಲ. ಹೊಸದು ಇನ್ನೂ ಬಂದಿಲ್ಲ, ಬಂದ ದಿನ ಬರೆಯುತ್ತೇನೆ.