ಸಹಾಯ ಬೇಕು: ತಂಗಿಗೆ ಟಕಯಾಸು ಕಾಯಿಲೆ ಇರಬಹುದೇ? ಯಾರಿಗೆ ತೋರಿಸಬೇಕು?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿರುವ ನನ್ನ ತಂಗಿಗೆ 24 ವರ್ಷ. ಹಲವು ತಿಂಗಳುಗಳಿಂದ ಸಣ್ಣ ಜ್ವರ, ಸುಸ್ತು ಮತ್ತು ತೂಕ ಇಳಿಕೆ ಇದ್ದುದರಿಂದ ಮೊದಲು ಕ್ಷಯವೆಂದು ಶಂಕಿಸಿ ಕಫ ಹಾಗೂ ಎಕ್ಸ್‌ರೇ ಪರೀಕ್ಷೆ ಮಾಡಿಸಿದರು. ಎರಡರಲ್ಲೂ ಏನೂ ಕಾಣಲಿಲ್ಲ. ಈಗ ಬಟ್ಟೆ ಒಣಹಾಕಲು ಕೈ ಎತ್ತಿದರೂ ಎಡಗೈ ಸೋತು ನೋಯುತ್ತದೆ, ಆ ಮಣಿಕಟ್ಟಿನಲ್ಲಿ ನಾಡಿ ಬಹಳ ಕ್ಷೀಣವಾಗಿದೆ, ಮತ್ತು ಬಲಗೈಯಲ್ಲಿ 150 ಇರುವ ಮೇಲಿನ ರಕ್ತದೊತ್ತಡ ಎಡಗೈಯಲ್ಲಿ 110 ಮಾತ್ರ ಬರುತ್ತಿದೆ. ಇಎಸ್‌ಆರ್, ಸಿಆರ್‌ಪಿ (ಉರಿಯೂತ ಸೂಚಿಸುವ ರಕ್ತಪರೀಕ್ಷೆಗಳು) ಎರಡೂ ಹೆಚ್ಚಿವೆ.

ಎಎನ್‌ಎ ರಕ್ತಪರೀಕ್ಷೆ ನೆಗೆಟಿವ್ ಬಂದಿರುವುದರಿಂದ ಇದು ಆಟೋಇಮ್ಯೂನ್ (ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ದಾಳಿ ಮಾಡುವ) ಕಾಯಿಲೆಯಲ್ಲ ಎಂದು ಒಬ್ಬ ವೈದ್ಯರು ಹೇಳಿದರು. ಆದರೆ ಮಹಾಪಧಮನಿ ಮತ್ತು ಅದರ ಕವಲುಗಳ ಗೋಡೆಗಳು ಉರಿಯೂತದಿಂದ ದಪ್ಪಗಾಗಿ ರಕ್ತದ ದಾರಿ ಕಿರಿದಾಗುವ ಟಕಯಾಸು ಆರ್ಟರೈಟಿಸ್‌ನಲ್ಲಿ ಎಎನ್‌ಎ ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಇರುತ್ತದೆ. ಅದು ಹೆಚ್ಚಾಗಿ 40 ವರ್ಷದೊಳಗಿನ ಮಹಿಳೆಯರಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತು ಅದನ್ನು ಪತ್ತೆಹಚ್ಚಲು ಸಿಟಿ ಅಥವಾ ಎಂಆರ್ ಆಂಜಿಯೋಗ್ರಾಮ್‌ನಂತಹ ರಕ್ತನಾಳಗಳ ಚಿತ್ರಣ ಬೇಕು. ಮೂತ್ರಪಿಂಡದ ರಕ್ತನಾಳವೂ ಕಿರಿದಾಗಿ ಒತ್ತಡ ಏರುತ್ತಿದೆಯೇ ಎಂಬುದೇ ನನ್ನ ದೊಡ್ಡ ಆತಂಕ.

ರೋಗವನ್ನು ಇಲ್ಲಿಯೇ ತೀರ್ಮಾನಿಸಿ ಎಂದು ಕೇಳುತ್ತಿಲ್ಲ. ರಕ್ತನಾಳಗಳ ಉರಿಯೂತದಲ್ಲಿ ಅನುಭವವಿರುವ ರುಮಟಾಲಜಿಸ್ಟ್ (ಕೀಲು ಹಾಗೂ ಆಟೋಇಮ್ಯೂನ್ ಕಾಯಿಲೆಗಳ ತಜ್ಞರು) ಮಧ್ಯ ಕರ್ನಾಟಕದಲ್ಲಿ ಸಿಗುತ್ತಾರೆಯೇ, ಇಲ್ಲವೇ ನೇರವಾಗಿ ಬೆಂಗಳೂರಿನ ಸೇಂಟ್ ಜಾನ್ಸ್ ಅಥವಾ ವೆಲ್ಲೂರಿನ ಸಿಎಂಸಿಗೆ ಹೋಗುವುದು ಒಳ್ಳೆಯದೇ? ಸ್ಟೆರಾಯ್ಡ್ ಆರಂಭಿಸುವ ಮೊದಲೇ ಆಂಜಿಯೋಗ್ರಾಮ್ ಮಾಡಿಸಿಕೊಂಡವರು, ಅದರಲ್ಲೂ ಇದೇ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಅಥವಾ ಅವರ ಮನೆಯವರು, ದಯವಿಟ್ಟು ತಮ್ಮ ಅನುಭವ ತಿಳಿಸಿ. ವರದಿಗಳೆಲ್ಲ ನನ್ನ ಬಳಿ ಇವೆ. ಕೇಳಿದವರಿಗೆ ಖಾಸಗಿಯಾಗಿ ಕಳುಹಿಸುತ್ತೇನೆ.